ಮುಖ ಮರೆಸಿಕೊಂಡ ಗಿರಾಕಿ

ಹೊಸ ಗಿರಾಕಿಯನ್ನು ಅಂಗಡಿಗೆ ಕರೆತರುವುದು ಹೇಗೆಂದು ಎಲ್ಲ ವ್ಯಾಪಾರಿಗಳೂ ಚಿಂತಿಸುತ್ತಾರೆ. ಬರುತ್ತಿದ್ದವನು ಏಕೆ ಬರುತ್ತಿಲ್ಲವೆಂದು ಕೇಳಿಕೊಳ್ಳುವವರು ಕಡಿಮೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ವ್ಯಾಪಾರ ನಡೆಯುವುದು ಬೆಳೆಯನ್ನು ನೋಡಿಕೊಂಡು. ಹೊಗೆಸೊಪ್ಪಿನ ನಾಟಿ ಮೇ ತಿಂಗಳ ಆಚೀಚೆ. ಬ್ಯಾರನ್‌ನಲ್ಲಿ ಹದ ಮಾಡಿ, ಬೇಲ್ ಕಟ್ಟಿ, ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ಹರಾಜಿಗೆ ಒಯ್ಯುವ ಹೊತ್ತಿಗೆ ಸೆಪ್ಟೆಂಬರ್ ಕಳೆದಿರುತ್ತದೆ. ತಂಬಾಕು ಮಂಡಳಿ ಕರ್ನಾಟಕದಲ್ಲಿ 1984ರಲ್ಲಿ ಆರಂಭಿಸಿದ ಈ ಹರಾಜಿನ ಹಣದಲ್ಲಿ ಬ್ಯಾಂಕಿನ ಬೆಳೆಸಾಲ ಮುರಿದು ಉಳಿದದ್ದು ರೈತನಿಗೆ. ಕೆ.ಆರ್. ನಗರದ ನಾಲೆ ಬಯಲಿನ ಭತ್ತಕ್ಕೂ ಕೋಟೆ ಕಡೆಯ ಹತ್ತಿಗೂ ಅವುಗಳದೇ ಕಾಲ. ನಡುವಿನ ತಿಂಗಳುಗಳ ಸಂಸಾರವೆಲ್ಲ ಅಂಗಡಿಯ ಸಾಲದ ಪುಸ್ತಕದ ಮೇಲೆ.

ಪಿರಿಯಾಪಟ್ಟಣದಲ್ಲಿ ನನಗೆ ಪರಿಚಿತರಾದ ದಿನಸಿ ಅಂಗಡಿಯವರೊಬ್ಬರು ಒಮ್ಮೆ ಬೇಸರದಿಂದ ಹೇಳಿದರು: 'ಹತ್ತು ವರ್ಷ ನನ್ನಲ್ಲೇ ಸಾಮಾನು ಒಯ್ದವನು, ಮೇಷ್ಟ್ರೇ. ಈಗ ನನ್ನ ಕಂಡರೆ ಪಕ್ಕದ ಬೀದಿಗೆ ತಿರುಗ್ತಾನೆ.'

ಪುಸ್ತಕ ತೆಗೆಸಿ ನೋಡಿದೆ. ಅವನ ಹೆಸರಿನಲ್ಲಿ ನಾಲ್ಕು ಸಾವಿರ ಚಿಲ್ಲರೆ ಬಾಕಿ. ಅವನು ಮುನಿದಿರಲಿಲ್ಲ, ನಾಚಿದ್ದ. ನಾಚಿದವನಿಗೆ ರಿಯಾಯಿತಿ ತೋರಿಸಿ ಏನು ಫಲ?

ಬೀಜದ ಸುಪ್ತಾವಸ್ಥೆಯ ಪಾಠ ಮಾಡುವಾಗ ಮಕ್ಕಳಿಗೆ ಹೇಳುತ್ತೇನೆ: ಮೊಳೆಯದ ಬೀಜವೆಲ್ಲ ಸತ್ತ ಬೀಜವಲ್ಲ. ಕೆಲವು ಬೀಜಗಳ ಸಿಪ್ಪೆ ಎಷ್ಟು ಗಟ್ಟಿಯೆಂದರೆ ನೀರು ಒಳಗಿಳಿಯದು. ಮೊದಲು ಸಿಪ್ಪೆಯನ್ನು ಉಜ್ಜಬೇಕು. ಇಲ್ಲಿ ಸಿಪ್ಪೆ ಎಂದರೆ ಆ ಬಾಕಿ.

ಅಂಗಡಿಯವರು ಒಂದು ಸಂಜೆ ಅವನ ಮನೆಗೇ ಹೋದರು.

'ಬಾಕಿ ಕೇಳೋಕೆ ಬಂದ್ರಾ ಸಾವ್ಕಾರ್ರೇ?'

'ಇಲ್ಲ ಕಣಪ್ಪ. ಅದು ಹರಾಜು ಆದ ಮೇಲೆ ಕೊಡುವಿಯಂತೆ. ಅಂಗಡಿ ಕಡೆ ಬರೋದು ಯಾಕೆ ಬಿಟ್ಟೆ?'

ಹಳೆಯ ಬಾಕಿಯನ್ನು ಬೇರೆ ಹಾಳೆಗೆ ಇಳಿಸಿ, ಹೊಸ ಸಾಮಾನು ಮಾತ್ರ ನಗದಿಗೆ ಎಂದು ಮಾತಾಯಿತು. ಮುಂದಿನ ವಾರವೇ ಚೀಲ ಹಿಡಿದು ಬಂದ. ಹರಾಜಾದ ಮೇಲೆ ಅರ್ಧ ತೀರಿಸಿದ, ಉಳಿದದ್ದು ಯುಗಾದಿಗೆ.

ಎಲ್ಲರ ಕಥೆಯೂ ಹೀಗೆ ಮುಗಿಯಲಿಲ್ಲ. ಒಬ್ಬರಿಗೆ ತೂಕದ ಮೇಲೆ ಅನುಮಾನವಿತ್ತು. ಅಂಗಡಿಯವರು ತಕ್ಕಡಿಯ ಅಂಕಿ ಗಿರಾಕಿಗೆ ಕಾಣುವಂತೆ ತಿರುಗಿಸಿಟ್ಟರು. ಇನ್ನೊಬ್ಬರು, ನಾಲ್ಕು ಜನರೆದುರು ಬಾಕಿ ಕೇಳಿಸಿಕೊಂಡವರು, ಇಂದಿಗೂ ಬಂದಿಲ್ಲ.

ನಿಮ್ಮ ಪುಸ್ತಕದಲ್ಲೂ ಅಂಥ ಹೆಸರುಗಳಿರಬಹುದು. ಮೊತ್ತ ಕೂಡುವ ಮೊದಲು ಒಮ್ಮೆ ಅವರ ಮನೆಯವರೆಗೆ ನಡೆದು ಬನ್ನಿ.