ಕಾಲಿಗೆ ತೊಡರುವ ಒಂದು ಪದ

ಬೋಳಾರದ ನಮ್ಮ ಮನೆಯ ಚಾವಡಿಗೆ ಸಂಜೆ ಏಳೆಂಟು ಮಕ್ಕಳು ಇಂಗ್ಲಿಷ್ ಪಾಠಕ್ಕೆ ಬರುತ್ತಾರೆ. ಮೊನ್ನೆ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಇಂಪೀಡ್ ಅಂದ್ರೆ ತಡೆಯುವುದಲ್ವಾ?”

ಅವಳ ತಂದೆ ಮೀನುಗಾರಿಕೆಯ ಬೋಟಿನಲ್ಲಿ ದುಡಿಯುವವರು. “ಅಳಿವೆಯಲ್ಲಿ ಹೂಳು ತುಂಬಿದರೆ ಅಪ್ಪನ ಬೋಟು ಏನು ಮಾಡ್ತದೆ?” ಎಂದೆ.

“ನೀರು ಏರುವ ತನಕ ಕಾಯ್ತದೆ. ಮತ್ತೆ ಮೆಲ್ಲ ಬರ್ತದೆ.”

“ಅದೇ ಇಂಪೀಡ್. ಬರುವುದೇ ನಿಂತರೆ ಅದು ಪ್ರಿವೆಂಟ್.”

ಮಂಗಳೂರಿನ ಚರಿತ್ರೆಯಲ್ಲೇ ಈ ಪದಕ್ಕೆ ಉದಾಹರಣೆ ಇದೆ. ನೇತ್ರಾವತಿ, ಫಲ್ಗುಣಿ ನದಿಗಳು ಕೂಡುವ ಅಳಿವೆ ಆಳವಿಲ್ಲದ್ದು. ಹಾಗಾಗಿ ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕುತ್ತಿದ್ದವು. ಬಂದರಿನಿಂದ ಸರಕು ದೋಣಿಗಳಲ್ಲಿ ಅಲ್ಲಿಗೆ ಹೋಗುತ್ತಿತ್ತು. ವ್ಯಾಪಾರ ನಿಲ್ಲಲಿಲ್ಲ, ತೊಡಕಿನಲ್ಲೇ ಸಾಗಿತು. ಪಣಂಬೂರಿನಲ್ಲಿ ನವಮಂಗಳೂರು ಬಂದರು 1974ರಲ್ಲಿ ಶುರುವಾದ ಮೇಲೆ ದೊಡ್ಡ ಹಡಗುಗಳು ದಕ್ಕೆಗೇ ಬಂದು ನಿಂತವು.

ಪದದ ಹುಟ್ಟನ್ನು ನೋಡಿದರೆ ಅರ್ಥ ಇನ್ನೂ ತಿಳಿಯಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ‘ಪೆಸ್’ ಎಂದರೆ ಕಾಲು. ‘ಇಂಪೆಡಿರೆ’ ಎಂದರೆ ಕಾಲಿಗೆ ತೊಡಕು ಹಾಕುವುದು. ಆ ಕಾಲನ್ನು ಬಿಡಿಸಿದರೆ ‘ಎಕ್ಸ್‌ಪೆಡೈಟ್’, ಅಂದರೆ ಕೆಲಸವನ್ನು ಚುರುಕುಗೊಳಿಸುವುದು. ನಮ್ಮ ಹಳಗನ್ನಡದ ‘ತೊಡರ್’ ಪದಕ್ಕೂ ಸಂಕೋಲೆ ಎಂಬ ಅರ್ಥವಿದೆ. ವೀರರು ಕಾಲಿಗೆ ಹಾಕುತ್ತಿದ್ದ ಬಿರುದಿನ ಬಳೆಯೂ ತೊಡರೇ. ಎಲ್ಲಿಯ ರೋಮ್, ಎಲ್ಲಿಯ ಕನ್ನಡ! ಎರಡೂ ಕಡೆ ಅಡಚಣೆ ಮೊದಲು ಸಿಕ್ಕಿಕೊಂಡದ್ದು ಕಾಲಿಗೆ. ಅದಕ್ಕೇ ಇಂಪೀಡ್ ಪದಕ್ಕೆ ‘ತಡೆ’ಗಿಂತ ‘ತೊಡಕಾಗು’, ‘ಅಡ್ಡಗಾಲು ಹಾಕು’ ಚೆನ್ನಾಗಿ ಹೊಂದುತ್ತವೆ ಎಂದು ನಾನು ಮಕ್ಕಳಿಗೆ ಒತ್ತಿ ಹೇಳುತ್ತೇನೆ.

ಬಳಸುವಾಗ ನಮ್ಮ ಮಕ್ಕಳು ತಪ್ಪುವುದು ಒಂದೇ ಕಡೆ. ಕನ್ನಡದಲ್ಲಿ “ಹೂಳು ದೋಣಿಗೆ ಅಡ್ಡಿಯಾಯಿತು” ಅನ್ನುತ್ತೇವೆ. ಆ ‘ಗೆ’ ಪ್ರತ್ಯಯವನ್ನು ಹಾಗೇ ಇಂಗ್ಲಿಷಿಗೆ ಒಯ್ದು “ಇಂಪೀಡೆಡ್ ಟು ದ ಬೋಟ್” ಎಂದು ಬರೆಯುತ್ತಾರೆ. ಕ್ರಿಯಾಪದಕ್ಕೆ ‘ಟು’ ಬೇಡ. “ಸಿಲ್ಟ್ ಇಂಪೀಡೆಡ್ ದ ಬೋಟ್” ಎಂದರೆ ಸಾಕು. ನಾಮಪದವಾದ ‘ಇಂಪೆಡಿಮೆಂಟ್’ ಬಂದಾಗ ಮಾತ್ರ ನಮ್ಮ ‘ಗೆ’ಗೆ ಸರಿಯಾಗಿ ‘ಟು’ ಬರುತ್ತದೆ: “ಆ್ಯನ್ ಇಂಪೆಡಿಮೆಂಟ್ ಟು ಟ್ರೇಡ್”, ವ್ಯಾಪಾರಕ್ಕೆ ತೊಡಕು. ಇಂಪೀಡ್ ವರದಿ, ಪತ್ರಿಕೆಗಳ ಗಂಭೀರ ಭಾಷೆಯ ಪದ. ದಿನದ ಮಾತಿನಲ್ಲಿ ಅಪರೂಪ.

ನವರಾತ್ರಿಯಲ್ಲಿ ಮಂಗಳಾದೇವಿಯ ತೇರು ಜನಸಂದಣಿಯ ನಡುವೆ ನಿಂತು ನಿಂತು ಸಾಗುತ್ತದಲ್ಲ, ಅದನ್ನು ಈ ಪದ ಹಾಕಿ ಬರೆಯಲು ಹುಡುಗಿಗೆ ಹೇಳಿದೆ. ಬರೆದಳು, ‘ಟು’ ಇಲ್ಲದೆ.

ನಿಮ್ಮ ಮಕ್ಕಳಿಗೂ ಹೊಸ ಪದವನ್ನು ಬರೀ ಗೈಡಿನ ಅರ್ಥದಿಂದ ಕಲಿಸಬೇಡಿ. ಅವರು ಕಣ್ಣಾರೆ ಕಂಡ ಹೊಳೆ, ಬೀದಿ, ಬೋಟುಗಳಿಂದ ಕಲಿಸಿ. ಹಾಗೆ ಕಲಿತದ್ದು ಮರೆತುಹೋಗುವುದಿಲ್ಲ.