ಒಂದು ಆಯುಷ್ಯಕ್ಕೆ ಎಷ್ಟು ವರ್ಷ?

ಕೊಯಮತ್ತೂರಿನ ಸಿಂಗಾನಲ್ಲೂರಿನಿಂದ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ನಗರದ ಕೋರ್ಟು. ತಿರುಪ್ಪೂರಿನ ಪಾಝಿ ಕಂಪನಿಯ ಠೇವಣಿ ವಂಚನೆಯ ತೀರ್ಪು 2022ರ ಆಗಸ್ಟ್‌ನಲ್ಲಿ ಬಂದದ್ದು ಈ ಊರಿನಲ್ಲೇ: 27 ವರ್ಷ ಜೈಲು, 171.74 ಕೋಟಿ ರೂಪಾಯಿ ದಂಡ! ಅಷ್ಟು ದಂಡವನ್ನು 500ರ ನೋಟುಗಳಲ್ಲಿ ಎಣಿಸಿದರೆ 34 ಲಕ್ಷ ನೋಟು ದಾಟುತ್ತದೆ. ಒಂದರ ತುದಿಗೆ ಇನ್ನೊಂದನ್ನು ಇಡುತ್ತ ಹೋಗಿ, 515 ಕಿಲೋಮೀಟರ್! ಮೇಲ್ಮನವಿ ಕೇಳುವ ಮದ್ರಾಸ್ ಹೈಕೋರ್ಟಿನ ಬಾಗಿಲಿಗೇ ಮುಟ್ಟುತ್ತದೆ. ಇನ್ನು ಜನರಿಂದ ಎತ್ತಿದ ಹಣ 930 ಕೋಟಿ. ಅದರ ಸಾಲು 2,790 ಕಿಲೋಮೀಟರ್. ಸುಪ್ರೀಂ ಕೋರ್ಟ್ ಇರುವ ದೆಹಲಿಯನ್ನೂ ದಾಟಿ ಮುಂದೆ.

27 ವರ್ಷ ದೊಡ್ಡದೆನಿಸಿತೆ? ಅಮೆರಿಕದ ಫೆಡರಲ್ ನ್ಯಾಯಾಧೀಶರ ಮುಂದೆ ಶಿಕ್ಷೆಯ ಕೋಷ್ಟಕವೇ ಇರುತ್ತದೆ: 43 ಸಾಲು, 6 ಅಂಕಣ, ಒಟ್ಟು 258 ಮನೆ. 2005ರಿಂದ ಅದು ಬರೀ ಸಲಹೆ. ಮೀರಿ ಶಿಕ್ಷಿಸಿದರೆ ಅದು ಸಮಂಜಸವೇ ಎಂದು ಮೇಲಿನ ಕೋರ್ಟು ತೂಗುತ್ತದೆ. ಅಲ್ಲಿ 2000ದಲ್ಲಿ ಒಬ್ಬ ವಿಮಾ ವಂಚಕನಿಗೆ ಬಿದ್ದದ್ದು 845 ವರ್ಷ! ಆ ವರ್ಷದಿಂದ ಅಷ್ಟು ಹಿಂದಕ್ಕೆ ನಡೆದರೆ ಬಸವಣ್ಣನವರ ಕಾಲ.

ಥಾಯ್ಲೆಂಡಿನ ಚೀಟಿ ವಂಚಕಿಗೆ 1989ರಲ್ಲಿ 1,41,078 ವರ್ಷ. ಹಲ್ಮಿಡಿ ಶಾಸನದಿಂದ ಇಂದಿನವರೆಗೆ ಕಳೆದ ಕಾಲವನ್ನು ಸುಮಾರು 90 ಸಲ ಪೇರಿಸಬೇಕು! ಇಂಥ ವಂಚನೆಗೆ ಅಲ್ಲಿನ ಕಾನೂನಿನ ಮಿತಿ 20 ವರ್ಷ. ಆಕೆ ಒಳಗಿದ್ದದ್ದು ಸುಮಾರು 8.

ಇನ್ನೂ ಮೇಲೇರೋಣ. ಸ್ಪೇನಿನ ಅಂಚೆಯವನೊಬ್ಬ 42,768 ಕಾಗದಗಳನ್ನು ತಲುಪಿಸಲಿಲ್ಲ. 1972ರಲ್ಲಿ ಸರ್ಕಾರಿ ವಕೀಲರು ಕಾಗದಕ್ಕೆ 9 ವರ್ಷದಂತೆ 3,84,912 ವರ್ಷ ಕೇಳಿದರು! ಕೊನೆಗೆ ಕೊಟ್ಟದ್ದು 14 ವರ್ಷ 2 ತಿಂಗಳು. ಲೆಕ್ಕ ಹಾಕಿ ನೋಡಿದೆ: ಕಾಗದಕ್ಕೆ ಸುಮಾರು 3 ಗಂಟೆ.

ಆದರೂ ನನ್ನನ್ನು ಹೆಚ್ಚು ಬೆರಗುಗೊಳಿಸಿದ ಸಂಖ್ಯೆ ತೀರಾ ಚಿಕ್ಕದು. ತಮಿಳುನಾಡಿನದೇ ಒಂದು ಕೊಲೆ ಪ್ರಕರಣದಲ್ಲಿ ಜೀವಾವಧಿಗಳನ್ನು ಒಂದು ಮುಗಿದ ಮೇಲೆ ಇನ್ನೊಂದರಂತೆ ಅನುಭವಿಸಬೇಕೆಂದು ಶಿಕ್ಷೆಯಾಗಿತ್ತು. 2016ರ ಜುಲೈ 19ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಅದು ಆಗದು ಎಂದರು. ಮನುಷ್ಯನಿಗಿರುವುದು ಒಂದೇ ಆಯುಷ್ಯ. ಇಷ್ಟು ಸರಳ ಲೆಕ್ಕ ಹೇಳಲು ಸಂವಿಧಾನ ಪೀಠವೇ ಕೂರಬೇಕಾಯಿತು. ಕೂತು ಸರಿಯಾಗಿಯೇ ಹೇಳಿತು.

ಶಿಕ್ಷೆಯನ್ನು ವರ್ಷಗಳಲ್ಲಿ ಎಣಿಸಿದರೂ, ನಮ್ಮಲ್ಲಿ ಅದರ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಇರುವ ಸಾಮಾನ್ಯ ಗಡುವು 60 ದಿನ.