ಮೀನಿನ ತೊಟ್ಟಿಗೂ ಬೇಕು ಹೆಪ್ಪು!

ಕಳೆದ ವರ್ಷ ತಂಗಿಯ ಹುಟ್ಟುಹಬ್ಬಕ್ಕೆಂದು 40 ಲೀಟರಿನ ಗಾಜಿನ ತೊಟ್ಟಿ ತಂದೆ. ಬೆಳಿಗ್ಗೆ ನೀರು ತುಂಬಿಸಿ, ಸಂಜೆಯೇ ಆರು ಗಪ್ಪಿ ಮೀನುಗಳನ್ನು ಬಿಟ್ಟಾಯಿತು. ಅವಳು ಆರಕ್ಕೂ ಹೆಸರಿಟ್ಟು ಕುಣಿದಾಡಿದಳು.

ನಾಲ್ಕನೇ ದಿನ ಒಂದು ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿತು. ನೀರು ಕೊಳಕಾಗಿರಬೇಕು ಎಂದುಕೊಂಡ ನಾನು ಅಷ್ಟನ್ನೂ ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತೊಳೆದು, ಹೊಸ ನೀರು ತುಂಬಿದೆ. ಮರುದಿನ ಎರಡು ಸತ್ತಿದ್ದವು. ಮತ್ತೆ ತೊಳೆದೆ. ಹತ್ತು ದಿನಗಳಲ್ಲಿ ಆರೂ ಮೀನುಗಳು ಹಿತ್ತಲಿನ ದಾಸವಾಳದ ಬುಡ ಸೇರಿದವು. ‘ಅಣ್ಣಾ, ನೀನು ಸರಿಯಾಗಿ ನೋಡ್ಕೊಳ್ಳಲಿಲ್ಲ’ ಎಂದಳು ತಂಗಿ. ನನಗೋ ಸಿಟ್ಟು. ಇನ್ನೆಷ್ಟು ತೊಳೆಯಬೇಕಿತ್ತು?

ಬಹಳ ವರ್ಷಗಳಿಂದ ಮೀನು ಸಾಕುತ್ತಿದ್ದ ಗೆಳೆಯನಿಗೆ ಗೋಳು ಹೇಳಿಕೊಂಡೆ. ‘ನೀನು ತೊಳೆದಿದ್ದೇ ತಪ್ಪಾಯ್ತು ಕಣೋ’ ಎಂದ. ಅವನು ಹೇಳಿದ್ದು ಇಷ್ಟು: ಮೀನಿನ ಹಿಕ್ಕೆ, ಮಿಕ್ಕ ಆಹಾರ ಕೊಳೆತರೆ ಅಮೋನಿಯಾ ಹುಟ್ಟುತ್ತದೆ. ಮೀನಿನ ಕಿವಿರಿನಿಂದಲೂ ಅದೇ ಹೊರಬರುತ್ತದೆ. ಕಣ್ಣಿಗೆ ಕಾಣದ ವಿಷ ಅದು. ನೀರು ಗಾಜಿನಷ್ಟು ತಿಳಿಯಾಗಿದ್ದರೂ ಮೀನು ಸಾಯಬಹುದು. ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ನೈಟ್ರೊಸ್ಪೈರಾದಂಥವು ಅದನ್ನು ನೈಟ್ರೇಟ್ ಆಗಿಸುತ್ತವೆ. ಇದರಿಂದ ಅಷ್ಟು ಅಪಾಯವಿಲ್ಲ. ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಜೀವಿಗಳು ಮನೆ ಮಾಡುವುದು ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಕಲ್ಲುಗಳ ಮೇಲೆ. ನಾನೋ ಅವು ಬೇರೂರುವ ಮೊದಲೇ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದು ಹಾಕಿದ್ದೆ!

ಈ ಸಲ ಮೀನು ತರಲಿಲ್ಲ. ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟ ನೀರು ತುಂಬಿ, ಫಿಲ್ಟರ್ ಹಗಲೂ ರಾತ್ರಿ ಓಡಲು ಬಿಟ್ಟೆ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿದೆ. ಅದು ಕೊಳೆತು ಹುಟ್ಟುವ ಅಮೋನಿಯಾವೇ ಬ್ಯಾಕ್ಟೀರಿಯಾಗಳ ಊಟ. ಖಾಲಿ ತೊಟ್ಟಿಗೆ ಊಟ ಹಾಕುವುದನ್ನು ನೋಡಿ ಅಮ್ಮ, ‘ಏನೋ, ಸತ್ತ ಮೀನುಗಳಿಗೆ ಎಡೆ ಇಡ್ತಿದ್ದೀಯಾ?’ ಎಂದು ನಕ್ಕರು.

ಗೆಳೆಯ ತನ್ನ ಹಳೇ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜನ್ನು ಅದೇ ನೀರಿನಲ್ಲಿ ಮುಳುಗಿಸಿ ತಂದುಕೊಟ್ಟ. ಕಂದು ಬಣ್ಣದ ಆ ಗಲೀಜು ತುಂಡನ್ನು ನನ್ನ ಫಿಲ್ಟರಿಗೆ ಸೇರಿಸುವಾಗ ಅಮ್ಮ ಮತ್ತೆ ಇಣುಕಿದರು. ವಿಷಯ ಹೇಳಿದೆ. ‘ಓ, ಹೆಪ್ಪು ಹಾಕೋದು ಅನ್ನು. ಹಾಗಾದ್ರೆ ಪದೇ ಪದೇ ಕೈ ಹಾಕಿ ಕಲಕಬೇಡ’ ಎಂದರು. ಪುಟಗಟ್ಟಲೆ ಓದಿ ನಾನು ತಿಳಿದದ್ದನ್ನು ಅಮ್ಮ ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಪಾಕೆಟ್ ಮನಿಯಲ್ಲಿ ಕೊಂಡ ಟೆಸ್ಟ್ ಕಿಟ್‌ನಿಂದ ಎರಡು ದಿನಕ್ಕೊಮ್ಮೆ ನೀರು ಪರೀಕ್ಷಿಸುತ್ತಿದ್ದೆ. ಮೊದಲ ವಾರ ಅಮೋನಿಯಾದ ಟ್ಯೂಬು ಹಳದಿಯಿಂದ ಹಸಿರಾಯಿತು. ನಂತರ ನೈಟ್ರೈಟ್ ಏರಿತು. ‘ಇವತ್ತು ಮೀನು ತರ್ತೀಯಾ?’ ಎಂದು ತಂಗಿ ಕೇಳುವುದನ್ನೇ ಬಿಟ್ಟಳು. ಹೆಪ್ಪಿಲ್ಲದಿದ್ದರೆ ನಾಲ್ಕರಿಂದ ಆರು ವಾರ ಬೇಕಾಗುತ್ತದಂತೆ. ನಮಗೆ 23ನೇ ದಿನ ಎರಡೂ ಸೊನ್ನೆಗೆ ಇಳಿದವು. ಮತ್ತೆ ಆಹಾರ ಹಾಕಿ ನೋಡಿದರೂ ಸೊನ್ನೆಯೇ.

ಒಂದಷ್ಟು ನೀರು ಬದಲಿಸಿ ಮೊದಲು ಎರಡೇ ಗಪ್ಪಿ ಬಿಟ್ಟೆವು. ವಾರದ ಬಳಿಕ ಇನ್ನೆರಡು. ಈಗ ಸ್ಪಂಜು ಕಟ್ಟಿಕೊಂಡರೆ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡುತ್ತೇನೆ, ಅಷ್ಟೇ. ಮೊನ್ನೆ ಗಿಡದ ಎಲೆಗಳ ನಡುವೆ ಸೊಳ್ಳೆಯಷ್ಟು ಪುಟ್ಟ ಮರಿಗಳು ಕಂಡವು. ತಂಗಿ ಮತ್ತೆ ಹೆಸರಿಡಲು ಕುಳಿತಿದ್ದಾಳೆ. ಆ ಮೊದಲ ಆರು ಹೆಸರುಗಳನ್ನು ಮಾತ್ರ ಯಾವ ಮರಿಗೂ ಇಟ್ಟಿಲ್ಲ.